ದನಿ ಒಡೆಯುವ ಜಾಗ

ಓದುಗರ ಪತ್ರ: "ನಾನು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಕಾಲೇಜಿನ ಬ್ಯಾಂಡ್‌ನಲ್ಲಿ ಹಾಡುತ್ತೇನೆ. ಹೋದ ತಿಂಗಳು ಒಂದು ಸ್ಪರ್ಧೆಯಲ್ಲಿ ಅಮೆರಿಕದ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ಅವರ 'ಪೀಸ್ ಆಫ್ ಮೈ ಹಾರ್ಟ್' ಹಾಡಿದೆ. ಮೇಲಿನ ಸ್ವರದಲ್ಲಿ ದನಿ ಒಡೆಯಿತು. ತೀರ್ಪುಗಾರರೊಬ್ಬರು ಆಮೇಲೆ ಕರೆದು, 'ನಿನ್ನ ರೇಂಜ್ ಎರಡು ಆಕ್ಟೇವ್ ಕೂಡ ಇಲ್ಲಮ್ಮ. ರಾಕ್ ನಿನಗಲ್ಲ, ಭಾವಗೀತೆ ಹಾಡಿಕೊಂಡಿರು' ಅಂದರು. ಬ್ಯಾಂಡ್‌ನ ಹುಡುಗರು ಮೊಬೈಲ್‌ನಲ್ಲಿ ಯಾವ ಗಾಯಕರಿಗೆ ಎಷ್ಟು ಆಕ್ಟೇವ್ ಅನ್ನೋ ಪಟ್ಟಿ ತೋರಿಸುತ್ತಾರೆ. ರಾಕ್ ಗಾಯನ ಅಂದರೆ ಇಷ್ಟೇನಾ ಸರ್?"
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ಇಷ್ಟೇ ಅಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಆ ತೀರ್ಪುಗಾರರ ಮಾತು ಮೊದಲಿಗಿಂತ ಜಾಸ್ತಿ ನೋವು ಕೊಟ್ಟಿತು. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಆಕ್ಟೇವ್ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ನಾವು ಸ್ಥಾಯಿ ಅನ್ನುತ್ತೇವಲ್ಲ, ಅದೇ ಅಳತೆ. ಹಾರ್ಮೋನಿಯಂನಲ್ಲಿ ಒಂದು 'ಸ'ದಿಂದ ಮೇಲಿನ 'ಸ'ಕ್ಕೆ ಹೋದರೆ ಒಂದು ಆಕ್ಟೇವ್. ಒಂದು ಗಂಟಲು ಕೆಳಗೆ ಎಲ್ಲಿವರೆಗೆ ಇಳಿಯುತ್ತದೆ, ಮೇಲೆ ಎಲ್ಲಿವರೆಗೆ ಏರುತ್ತದೆ ಅನ್ನುವ ಲೆಕ್ಕವೇ ರೇಂಜ್. ಇದನ್ನು ಅಳೆಯುವುದು ಸುಲಭ. ಅದಕ್ಕೇ ಇಷ್ಟೊಂದು ಪಟ್ಟಿಗಳು ಓಡಾಡುತ್ತವೆ.

ನಿಮ್ಮ ಬ್ಯಾಂಡ್‌ನ ಹುಡುಗರಿಗೆ ಒಂದು ಪ್ರಶ್ನೆ ಕೇಳಿ. ಬ್ರಿಟನ್ನಿನ ಕ್ವೀನ್ ರಾಕ್ ತಂಡದ 'ಬೊಹೀಮಿಯನ್ ರಾಪ್ಸೊಡಿ' 1975ರ ಹಾಡು. ಅದರ ಒಪೆರಾ ಭಾಗ ಮುಗಿಯುವಾಗ 'ಫಾರ್ ಮಿ' ಎಂದು ಒಂದು ದನಿ ತುತ್ತತುದಿಗೆ ಏರುತ್ತದೆ. ಅದು ಯಾರ ದನಿ? ಹೆಚ್ಚಿನವರು ತಂಡದ ಮುಖ್ಯ ಗಾಯಕ ಫ್ರೆಡ್ಡಿ ಮರ್ಕ್ಯುರಿ ಅನ್ನುತ್ತಾರೆ. ಅಲ್ಲ. ಅದು ಡ್ರಮ್ಸ್ ಬಾರಿಸುತ್ತಿದ್ದ ರೋಜರ್ ಟೇಲರ್ ಅವರದು. ಆದರೆ ಆ ಹಾಡು ಕೇಳಿ ಕಣ್ಣು ಒದ್ದೆ ಮಾಡಿಕೊಳ್ಳುವವರು ಆ ಸ್ವರಕ್ಕೆ ಒದ್ದೆ ಮಾಡಿಕೊಳ್ಳುವುದಿಲ್ಲ. ಶುರುವಿನಲ್ಲಿ ಪಿಯಾನೋ ಜೊತೆ ಫ್ರೆಡ್ಡಿ 'ಮಾಮಾ' ಎಂದು ತಾಯಿಯನ್ನು ಕರೆಯುತ್ತಾರಲ್ಲ, ಅಲ್ಲಿ ಗಂಟಲು ಕಟ್ಟುತ್ತದೆ. ಆ ಸ್ವರ ನಿಮಗೂ ಎಟುಕುತ್ತದೆ, ನನಗೂ ಎಟುಕುತ್ತದೆ.

ಜಾಂಜಿಬಾರ್‌ನಲ್ಲಿ ಹುಟ್ಟಿ, ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಪಾರ್ಸಿ ಹುಡುಗ ಫ್ರೆಡ್ಡಿ. ಅವರಿಗೆ ನಾಲ್ಕು ಆಕ್ಟೇವ್ ಇತ್ತು ಎಂದು ಎಲ್ಲರೂ ಹೇಳುತ್ತಾರೆ. 2016ರಲ್ಲಿ ಯುರೋಪಿನ ಸಂಶೋಧಕರ ತಂಡವೊಂದು ಅವರ ಹಾಡುಗಳನ್ನೂ ಸಂದರ್ಶನಗಳನ್ನೂ ಕೂತು ಅಳೆಯಿತು. ನಾಲ್ಕು ಆಕ್ಟೇವ್ ಮಾತಿಗೆ ಅವರಿಗೆ ಆಧಾರ ಸಿಗಲಿಲ್ಲ. ಮಾತಾಡುವಾಗ ಫ್ರೆಡ್ಡಿಯದು ಬ್ಯಾರಿಟೋನ್ ದನಿ, ಅಂದರೆ ಗಂಡಸರಲ್ಲಿ ನಡುಮಟ್ಟದ್ದು. ಸಿಕ್ಕಿದ್ದು ಬೇರೆ ಎರಡು ಸಂಗತಿ. ಎಳೆದು ನಿಲ್ಲಿಸಿದ ಸ್ವರದಲ್ಲಿ ಅವರ ದನಿ ಸೆಕೆಂಡಿಗೆ ಸುಮಾರು 7 ಸಲ ಕಂಪಿಸುತ್ತಿತ್ತು. ಇದು ಸಾಮಾನ್ಯ ಗಾಯಕರಿಗಿಂತ ವೇಗ. ಇನ್ನೊಂದು, ಜೋರಾಗಿ ಹಾಡುವಾಗ ಬರುತ್ತಿದ್ದ ಆ ಗರಗಸದಂಥ ಉಜ್ಜು. ನಮ್ಮ ಗಂಟಲಿನಲ್ಲಿ ಧ್ವನಿ ತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಸಾಮಾನ್ಯವಾಗಿ ಹಾಡುವಾಗ ಅವು ಸುಮ್ನೆ ಇರುತ್ತವೆ. ಫ್ರೆಡ್ಡಿಯ ಗಂಟಲಿನಲ್ಲಿ ಅವೂ ಸೇರಿಕೊಂಡು ನಡುಗುತ್ತಿದ್ದವು ಅನ್ನುವುದು ಆ ತಂಡದ ಅಂದಾಜು. ಸ್ವೀಡನ್ನಿನ ಒಬ್ಬ ರಾಕ್ ಗಾಯಕರ ಕೈಲಿ ಅದೇ ಥರ ಹಾಡಿಸಿ, ಅವರ ಗಂಟಲೊಳಗೆ ಸೆಕೆಂಡಿಗೆ 4,000ಕ್ಕೂ ಹೆಚ್ಚು ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟು ಅದನ್ನು ನೋಡಿದರು.

ಅಂದರೆ ನಾವು 'ಫ್ರೆಡ್ಡಿ' ಎಂದು ಗುರುತು ಹಿಡಿಯುವುದು ಆ ಕಂಪನದಿಂದ, ಆ ಉಜ್ಜಿನಿಂದ. ಬಾಗಿಲಾಚೆ ಮೆಟ್ಟಿಲು ಹತ್ತುವ ಸದ್ದಿನಲ್ಲೇ ಬಂದವರು ಅಪ್ಪನೋ ಅಣ್ಣನೋ ಅಂತ ಗೊತ್ತಾಗುತ್ತದಲ್ಲ, ಹಾಗೆ. ಇನ್ನೊಂದು ವಿಷಯ ನಿಮಗೆ ಸಮಾಧಾನ ಕೊಡಬಹುದು. ಫ್ರೆಡ್ಡಿಯವರ ಧ್ವನಿ ತಂತುಗಳಲ್ಲಿ ಗಂಟುಗಳಾಗಿ ತೊಂದರೆ ಕೊಡುತ್ತಿದ್ದವು. ವೇದಿಕೆಯ ಮೇಲೆ ಎಷ್ಟೋ ಸಲ ಅವರು ರೆಕಾರ್ಡಿನ ಎತ್ತರದ ಸ್ವರ ಬಿಟ್ಟು ಕೆಳಗಿನ ದಾರಿ ಹಿಡಿಯುತ್ತಿದ್ದರು. ಅದರಿಂದ ಅವರು ಸಣ್ಣವರಾಗಲಿಲ್ಲ.

ಈಗ ನಿಮ್ಮ ದನಿ ಒಡೆದ ವಿಷಯಕ್ಕೆ ಬರುತ್ತೇನೆ. ನಾನು ಹೇಳಬೇಕಾದ ಮುಖ್ಯ ಮಾತು ಅಲ್ಲಿಯೇ ಇದೆ.

1963ರ ಫೆಬ್ರುವರಿ 11. ಲಂಡನ್ನಿನ ಆಬಿ ರೋಡ್‌ನ ಇಎಂಐ ಸ್ಟುಡಿಯೋ. ಬೀಟಲ್ಸ್ ತಮ್ಮ ಮೊದಲ ಎಲ್‌ಪಿಯ ಬಹುಪಾಲು ಹಾಡುಗಳನ್ನು ಆ ಒಂದೇ ದಿನದಲ್ಲಿ ಮುಗಿಸಿದರು. ಬೆಳಗ್ಗೆ 10ಕ್ಕೆ ಶುರು, ರಾತ್ರಿ ಹತ್ತೂ ಮುಕ್ಕಾಲರ ತನಕ. ತಂಡದ ಗಾಯಕ ಜಾನ್ ಲೆನನ್‌ಗೆ ಜೋರು ನೆಗಡಿ. ದಿನವಿಡೀ ಗಂಟಲಿನ ಮಾತ್ರೆ ಚೀಪುತ್ತಾ, ಹಾಲು ಕುಡಿಯುತ್ತಾ ಹಾಡಿದರು. 'ಟ್ವಿಸ್ಟ್ ಅಂಡ್ ಶೌಟ್' ಹಾಡನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್ ಬೇಕೆಂದೇ ಕೊನೆಗೆ ಉಳಿಸಿದ್ದರು. ಅದನ್ನು ಹಾಡಿದ ಮೇಲೆ ಲೆನನ್ ಗಂಟಲಿನಲ್ಲಿ ಇನ್ನೇನೂ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹಾಗೇ ಆಯಿತು. ಮೊದಲ ಟೇಕ್ ಸರಿಯಾಗಿ ಬಂತು. ಎರಡನೆಯದಕ್ಕೆ ಕೈ ಹಾಕಿದರು, ದನಿಯೇ ಹೊರಡಲಿಲ್ಲ. ನಾವು ಇವತ್ತಿಗೂ ಕೇಳುತ್ತಿರುವುದು ಆ ಮೊದಲ ಟೇಕ್.

ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹಾಡಿನ ರೇಂಜ್ ದೊಡ್ಡದಲ್ಲ. ಆದರೆ ಪ್ರತಿ ಸಾಲಿನಲ್ಲೂ ಗಂಟಲು ಹರಿಯುತ್ತಿದೆ. ಇನ್ನೊಂದು ಸಾಲು ಆದೀತೋ ಇಲ್ಲವೋ ಅನ್ನಿಸುತ್ತದೆ, ಆಗುತ್ತದೆ. ಹನ್ನೆರಡು ಗಂಟೆ ದುಡಿದ 22 ವರ್ಷದ ಹುಡುಗ ಕೊನೆಯ ಕಾಸನ್ನೂ ಖರ್ಚು ಮಾಡುತ್ತಿದ್ದಾನೆ. ನೆಗಡಿ ಇಲ್ಲದ ಬೆಳಗ್ಗೆ, ಒಳ್ಳೆಯ ನಿದ್ದೆಯಾದ ಮೇಲೆ ಇದನ್ನೇ ಹಾಡಿದ್ದರೆ ಶ್ರುತಿ ಇನ್ನೂ ಶುದ್ಧವಾಗಿ ಇರುತ್ತಿತ್ತೇನೋ. ನಾವು ಅರವತ್ತು ವರ್ಷ ಕೇಳುತ್ತಿರಲಿಲ್ಲ.

ಇನ್ನೊಂದು ರಾತ್ರಿ. 1969, ಲಾಸ್ ಏಂಜಲೀಸ್. ರೋಲಿಂಗ್ ಸ್ಟೋನ್ಸ್ 'ಗಿಮ್ಮಿ ಶೆಲ್ಟರ್' ಹಾಡಿಗೆ ಒಂದು ಹೆಣ್ಣು ದನಿ ಬೇಕು ಎಂದು ಹುಡುಕುತ್ತಿದ್ದರು. ನಡುರಾತ್ರಿಯ ಹೊತ್ತಿಗೆ ಗಾಯಕಿ ಮೆರ್ರಿ ಕ್ಲೇಟನ್ ಅವರಿಗೆ ಫೋನ್ ಹೋಯಿತು. ಆಗ ಅವರಿಗೆ 20 ವರ್ಷ, ಬಸುರಿ. ಮಲಗುವ ಬಟ್ಟೆಯಲ್ಲೇ, ತಲೆಗೆ ಕೂದಲು ಸುತ್ತುವ ಕರ್ಲರ್ ಹಾಕಿಕೊಂಡೇ ಸ್ಟುಡಿಯೋಗೆ ಬಂದರು. ಅತ್ಯಾಚಾರ, ಕೊಲೆಯ ಮಾತಿರುವ ಸಾಲನ್ನು ಅವರ ಮುಂದಿಟ್ಟರು. ಅದನ್ನು ಅವರು ಒಬ್ಬರೇ ಮೂರು ಸಲ ಹಾಡುತ್ತಾರೆ. ಮೂರನೇ ಸಲ 'ಮರ್ಡರ್' ಅನ್ನುವಾಗ ದನಿ ಬಟ್ಟೆ ಹರಿದ ಹಾಗೆ ಹರಿಯುತ್ತದೆ. ಹಿಂದಿನಿಂದ ತಂಡದ ಗಾಯಕ ಮಿಕ್ ಜಾಗರ್ ಬೆರಗಿನಲ್ಲಿ ಕೂಗಿದ್ದು ಸಣ್ಣಗೆ ಕೇಳಿಸುತ್ತದೆ. ಅದನ್ನೂ ಅಳಿಸದೆ ರೆಕಾರ್ಡಿನಲ್ಲಿ ಹಾಗೇ ಬಿಟ್ಟಿದ್ದಾರೆ.

ಶಾಸ್ತ್ರೀಯ ಲೆಕ್ಕದಲ್ಲಿ ಅದು ತಪ್ಪು. ನಿಮ್ಮ ತೀರ್ಪುಗಾರರು ಅಲ್ಲಿದ್ದರೆ ಅಂಕ ಕಳೆಯುತ್ತಿದ್ದರೋ ಏನೋ. ನಾನು ಅದನ್ನು ಮೊದಲು ಕೇಳಿದ್ದು ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್‌ನಲ್ಲಿ. ಟೇಪ್ ಸಿಕ್ಕಿಕೊಂಡಿತು ಎಂದುಕೊಂಡು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದೆ. ಟೇಪ್ ಸರಿಯಾಗಿಯೇ ಇತ್ತು. ಆ ಸಂಜೆ ಆ ಜಾಗವನ್ನೇ ಎಷ್ಟು ಸಲ ಕೇಳಿದೆನೋ. ಕೊಲೆ ಎಂಬ ಮಾತನ್ನು ಮೂರು ಸಲ ಹೇಳಿದ ಮೇಲೂ ದನಿ ಒಡೆಯದಿದ್ದರೆ ಅದು ಎಂಥ ದನಿ ಅನ್ನಿಸಿತ್ತು. ಮನೆಗೆ ಹೋದ ಮೇಲೆ ಮೆರ್ರಿ ಅವರಿಗೆ ಗರ್ಭಪಾತವಾಯಿತು. ತುಂಬಾ ವರ್ಷ ಆ ಹಾಡನ್ನು ಕೇಳುವುದೇ ಅವರಿಗೆ ಕಷ್ಟವಾಗಿತ್ತು. ಇದನ್ನು ತಿಳಿದ ಮೇಲೆ ನಾನು ಆ ಹಾಡನ್ನು ಕೆಲಸದ ನಡುವೆ ಸುಮ್ನೆ ಹಾಕಿಕೊಂಡು ಕೇಳಲಾರೆ.

ಪ್ರತಿ ಗಂಟಲಿಗೂ ಒಂದು ಅಂಚು ಇದೆ. ರೇಂಜ್ ಅಂದರೆ ಆ ಅಂಚು ಎಷ್ಟು ದೂರದಲ್ಲಿದೆ ಅನ್ನುವ ಲೆಕ್ಕ. ರಾಕ್ ಹಾಡು ಕೇಳುವವರಿಗೆ ಆ ದೂರ ಮುಖ್ಯವಲ್ಲ. ಹಾಡುವವರು ಆ ಅಂಚಿಗೆ ಬಂದರೇ, ಯಾವ ಮಾತಿಗಾಗಿ ಬಂದರು, ಅಷ್ಟೇ ಅವರಿಗೆ ಬೇಕು. ನಾಲ್ಕು ಆಕ್ಟೇವ್ ಇರುವವರು ಅಂಚಿನ ಹತ್ತಿರ ಬರದೆಯೇ ಇಡೀ ಹಾಡು ಮುಗಿಸಿಬಿಡಬಹುದು. ಆಗ ಅದು ಚೆನ್ನಾಗಿ ಪಾಲಿಶ್ ಹೊಡೆದ ಮೇಜಿನ ಹಾಗಿರುತ್ತದೆ. ನೋಡಲು ಚೆಂದ, ಅಷ್ಟೇ.

ಬ್ರಿಟನ್ನಿನ ರಾಕ್ ಗಾಯಕ ಡೇವಿಡ್ ಬೋವಿ ಇದನ್ನು ಲೆಕ್ಕ ಹಾಕಿ ಮಾಡಿದವರು. 1977ರಲ್ಲಿ ಬರ್ಲಿನ್ ಗೋಡೆಯ ಹತ್ತಿರದ ಹಾನ್ಸಾ ಸ್ಟುಡಿಯೋದಲ್ಲಿ 'ಹೀರೋಸ್' ರೆಕಾರ್ಡ್ ಆಯಿತು. ನಿರ್ಮಾಪಕ ಟೋನಿ ವಿಸ್ಕೊಂಟಿ ಒಂದು ದೊಡ್ಡ ಹಾಲ್‌ನಲ್ಲಿ ಮೂರು ಮೈಕ್ ಇಟ್ಟರು. ಒಂದು ಬಾಯಿಯಿಂದ 9 ಇಂಚು, ಇನ್ನೊಂದು ಸುಮಾರು 20 ಅಡಿ, ಮೂರನೆಯದು ಸುಮಾರು 50 ಅಡಿ. ದೂರದ ಎರಡು ಮೈಕ್ ದನಿ ಒಂದು ಮಟ್ಟ ದಾಟಿದರೆ ಮಾತ್ರ ತೆರೆಯುವ ಹಾಗೆ ಕಟ್ಟಿದರು. ಬೋವಿ ಮೊದಲ ಚರಣಗಳನ್ನು ಪಕ್ಕದಲ್ಲಿ ಕೂತವರ ಜೊತೆ ಮಾತಾಡಿದ ಹಾಗೆ ತಗ್ಗಿನಲ್ಲಿ ಹಾಡುತ್ತಾರೆ. ಆಮೇಲೆ ಅದೇ ಧಾಟಿಯನ್ನು ಒಂದು ಆಕ್ಟೇವ್ ಮೇಲೆತ್ತಿ ಕೂಗುತ್ತಾರೆ. ಆಗ ಇಡೀ ಹಾಲ್ ಹಾಡಿನೊಳಗೆ ಬರುತ್ತದೆ. ಶುರುವಿನಲ್ಲೇ ಕೂಗಿದ್ದರೆ ಕೊನೆಯ ಕೂಗಿಗೆ ಬೆಲೆ ಇರುತ್ತಿರಲಿಲ್ಲ, ಅಲ್ವಾ?

ಬಾಬ್ ಡಿಲನ್ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಅವರದ್ದು ಮೂಗಿನ ದನಿ, ಕೂಗಿದರೂ ಮಾತಿನ ಹಾಗೇ ಇರುತ್ತದೆ. ಆದರೆ 1965ರ 'ಲೈಕ್ ಎ ರೋಲಿಂಗ್ ಸ್ಟೋನ್'ನಲ್ಲಿ ಹೇಗನ್ನಿಸುತ್ತದೆ ಎಂದು ಕೇಳುವಾಗ ಆ 'ಫೀಲ್' ಎಂಬ ಒಂದು ಮಾತನ್ನು ಎಳೆಯುವ ರೀತಿ ಗಮನಿಸಿ. ಅಷ್ಟು ಚುಚ್ಚುವ ಪ್ರಶ್ನೆಯನ್ನು ಸಿಹಿ ಕಂಠದವರು ಕೇಳಲಾರರು.

ರೇಂಜ್ ಬೇಡವೇ ಬೇಡ ಎಂದು ಹೇಳುತ್ತಿಲ್ಲ. ಐರನ್ ಮೇಡನ್ ತಂಡದ ಬ್ರೂಸ್ ಡಿಕಿನ್ಸನ್ 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರು. ಅವರ ಹಾಡುಗಳಿಗೆ ಆ ಎತ್ತರ ಬೇಕೇ ಬೇಕು. ಲೆಡ್ ಜೆಪ್ಲಿನ್‌ನ ರಾಬರ್ಟ್ ಪ್ಲಾಂಟ್‌ಗೂ ಅಷ್ಟೇ. ನಿಮ್ಮ ಬ್ಯಾಂಡ್ ಆ ಹಾಡುಗಳನ್ನೇ ಆರಿಸಿಕೊಂಡರೆ ನಿಮಗೆ ಕಷ್ಟವಾಗುತ್ತದೆ. ಅದನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸುವುದು ಸರಿಯಲ್ಲ.

ಇನ್ನು ಆ 'ಭಾವಗೀತೆ ಹಾಡಿಕೊಂಡಿರು' ಅನ್ನುವ ಮಾತು. ಇದು ರಾಕ್‌ಗೂ ಅವಮಾನ, ಭಾವಗೀತೆಗೂ ಅವಮಾನ. ಸಿ. ಅಶ್ವಥ್ ಅವರು ಶರೀಫರ ತತ್ವಪದ ಹಾಡುವುದನ್ನು ಕೇಳಿದವರು ಯಾರೂ ಅದನ್ನು ಸಣ್ಣ ದನಿಯವರ ಜಾಗ ಅನ್ನಲಾರರು. ಅವರು ಎದೆಯಿಂದ ಎತ್ತಿ ಕೂಗುವಾಗ ಅಲ್ಲೂ ಗಂಟಲು ಉಜ್ಜುತ್ತದೆ, ಅಲ್ಲೂ ಅಂಚು ಕೇಳಿಸುತ್ತದೆ. ಅದೇ ಶರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರು, ಡ್ರಮ್ಸ್ ಇಟ್ಟುಕೊಂಡು ರಾಕ್ ವೇದಿಕೆಯಲ್ಲಿ ಹಾಡುತ್ತಾರೆ. ನಡುವೆ ದೊಡ್ಡ ಗೋಡೆ ಏನೂ ಇಲ್ಲ.

ಈಗ ನೀವು ಹಾಡಿದ ಹಾಡು. 'ಪೀಸ್ ಆಫ್ ಮೈ ಹಾರ್ಟ್' ಮೊದಲು ಜಾನಿಸ್ ಹಾಡಿದ್ದಲ್ಲ. 1967ರಲ್ಲಿ ಅಮೆರಿಕದ ಹೆಸರಾಂತ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ಅಕ್ಕ ಎರ್ಮಾ ಹಾಡಿದ್ದರು. ಬರೆದವರು ಜೆರ್ರಿ ರಾಗೊವೊಯ್ ಮತ್ತು ಬರ್ಟ್ ಬರ್ನ್ಸ್. ಲೆನನ್ ಗಂಟಲು ಹರಿದುಕೊಂಡು ಹಾಡಿದ 'ಟ್ವಿಸ್ಟ್ ಅಂಡ್ ಶೌಟ್' ಕೂಡ ಇದೇ ಬರ್ಟ್ ಬರ್ನ್ಸ್ ಇನ್ನೊಬ್ಬರ ಜೊತೆ ಸೇರಿ ಬರೆದದ್ದು. ಎರ್ಮಾ ಹಾಡಿದ ಮರುವರ್ಷ ಜಾನಿಸ್ ತಮ್ಮ ತಂಡದ ಜೊತೆ 'ಪೀಸ್ ಆಫ್ ಮೈ ಹಾರ್ಟ್' ಹಾಡಿದರು. ರೇಡಿಯೋದಲ್ಲಿ ಅದನ್ನು ಕೇಳಿದಾಗ ಅದು ತಾನು ಹಾಡಿದ ಹಾಡೇ ಎಂದು ತಕ್ಷಣ ಗೊತ್ತಾಗಲಿಲ್ಲ ಎಂದು ಎರ್ಮಾ ಆಮೇಲೆ ಹೇಳಿದ್ದರು.

ಎರಡನ್ನೂ ಒಂದಾದ ಮೇಲೊಂದು ಕೇಳಿ. ಎರ್ಮಾ ನೋವನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಂತ ಹಾಗೆ ಹಾಡುತ್ತಾರೆ. ದನಿ ಎಲ್ಲೂ ಹರಿಯುವುದಿಲ್ಲ, ಆದರೂ ಎದೆಗೆ ತಾಗುತ್ತದೆ. ಜಾನಿಸ್ ಬೀದಿಯಲ್ಲಿ ನಿಂತು ಕೂಗುತ್ತಾರೆ. ಇಬ್ಬರೂ ಸರಿ. ಇದನ್ನು ನಿಮಗೆ ಹೇಳುವುದಕ್ಕೆ ಕಾರಣವಿದೆ. ನೀವು ಜಾನಿಸ್ ಅವರ ಅಂಚಿನಲ್ಲಿ ನಿಂತು ಹಾಡಲು ಹೋದಿರಿ ಅನ್ನಿಸುತ್ತದೆ. ಅವರ ದನಿ ಎಲ್ಲಿ ಒಡೆಯಿತೋ ಅಲ್ಲೇ, ಅದೇ ಶ್ರುತಿಯಲ್ಲಿ. ನಿಮ್ಮ ಅಂಚು ಬೇರೆ ಕಡೆ ಇದೆ.

ಆದ್ದರಿಂದ ಹೀಗೆ ಮಾಡಿ. ಬ್ಯಾಂಡ್‌ನ ಹುಡುಗರಿಗೆ ಹೇಳಿ ಹಾಡಿನ ಶ್ರುತಿಯನ್ನು ಎರಡು ಮನೆ, ಅಂದರೆ ಗಿಟಾರಿನ ಎರಡು ಫ್ರೆಟ್‌ನಷ್ಟು, ಇಳಿಸಿ. ಸಾಲದಿದ್ದರೆ ಮೂರು. ಗಿಟಾರಿನವರಿಗೆ ಇದು ಹತ್ತು ನಿಮಿಷದ ಕೆಲಸ, ಯಾರೂ ಗೊಣಗಬೇಕಾಗಿಲ್ಲ. ಮೊದಲ ಸಾಲುಗಳನ್ನು ಎರ್ಮಾ ಹಾಗೆ ತಡೆದು ಹಿಡಿಯಿರಿ. ಹಾಡಿನ ಮಾತನ್ನು ಕಾಗದದ ಮೇಲೆ ಬರೆದುಕೊಳ್ಳಿ. ಯಾವ ಒಂದು ಮಾತಿಗೆ ನಿಮ್ಮ ಗಂಟಲನ್ನು ಪೂರ್ತಿ ಕೊಡುತ್ತೀರಿ ಎಂದು ಗುರುತು ಹಾಕಿ. ಒಂದೇ ಒಂದು. ಉಳಿದದ್ದೆಲ್ಲ ಅಲ್ಲಿಗೆ ಹೋಗುವ ದಾರಿ.

ಒಂದು ಎಚ್ಚರಿಕೆ ಇದೆ, ಇದನ್ನು ಮರೆಯಬೇಡಿ. ದನಿ ಒಡೆಯುವುದನ್ನು ಅಭ್ಯಾಸ ಮಾಡಬೇಡಿ. ಲೆನನ್ ಅದನ್ನು ದಿನದ ಕೊನೆಗೆ ಒಂದೇ ಸಲ ಮಾಡಿದರು. ತುಂಬಾ ದಿನ ಗಂಟಲು ಮೊದಲಿನ ಹಾಗಿರಲಿಲ್ಲ, ಎಂಜಲು ನುಂಗಿದರೆ ಮರಳುಕಾಗದ ಉಜ್ಜಿದ ಹಾಗಾಗುತ್ತಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಪ್ರಾಕ್ಟೀಸ್‌ನಲ್ಲಿ ಅರ್ಧ ದನಿಯಲ್ಲಿ ಹಾಡಿ. ನೀರು ಚೆನ್ನಾಗಿ ಕುಡಿಯಿರಿ. ಡ್ರಮ್ಸ್ ಸದ್ದನ್ನು ಮೀರಿಸಲು ಕೂಗಬೇಡಿ, ನಿಮ್ಮ ದನಿ ನಿಮಗೇ ಕೇಳುವ ಹಾಗೆ ಸ್ಪೀಕರ್ ತಿರುಗಿಸಿಕೊಳ್ಳಿ. ಕರಕರ ಎರಡು ಮೂರು ವಾರವಾದರೂ ಹೋಗದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಹಾಡುವವರ ಗಂಟಲನ್ನು ಎರಡನೇ ಸಲ ಕೊಂಡುಕೊಳ್ಳಲು ಆಗುವುದಿಲ್ಲ.

ಸ್ಪರ್ಧೆಯ ದಿನ ದನಿ ಒಡೆಯಿತು ಎಂದು ಬರೆದಿದ್ದೀರಿ. ಯಾವ ಮಾತಿನಲ್ಲಿ ಒಡೆಯಿತು ಎಂದು ಬರೆದಿಲ್ಲ. ಯಾರಾದರೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರೆ ಅದನ್ನೊಮ್ಮೆ ಕೇಳಿ ನೋಡಿ. ಶ್ರುತಿ ಇಳಿಸಿ ಹಾಡಿದ ಮೇಲೆ ಅದನ್ನೂ ರೆಕಾರ್ಡ್ ಮಾಡಿ. ಎರಡನ್ನೂ ನಮ್ಮ ಕಚೇರಿಗೆ ಕಳಿಸಿಕೊಡಿ. ನಾನೇ ಕೂತು ಕೇಳುತ್ತೇನೆ.