ಕೈ ಕಳೆದುಕೊಂಡವರಿಗೆ ತಲೆಯೊಳಗೆ ಚಿಪ್ ಬೇಕಾ?

ತಮ್ಮನ ಬಲಗೈ ಮೊಣಕೈ ಕೆಳಗೆ ಹೋಗಿದೆ, ‘ಮನಸ್ಸಲ್ಲಿ ಅಂದ್ಕೊಂಡ್ರೆ ಸಾಕು, ಕೈ ಆಡುತ್ತೆ’ ಅನ್ನೋ ವಿಡಿಯೊ ನೋಡಿದ್ವಿ, ಅದಕ್ಕೆ ತಲೆ ಆಪರೇಷನ್ ಆಗಬೇಕಾ ಅಂತ ಕೇಳಿದ್ದೀರಿ. ಬೇಡ. ಮಂಡ್ಯದ ಹತ್ತಿರ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ನನ್ನ ಬಲಗೈ ಸಿಕ್ಕಿಕೊಂಡಿತು. ಈಗ ಮೋಟಾರಿನ ಕೈ ಹಾಕಿಕೊಳ್ಳುತ್ತೇನೆ. ತಲೆಯ ತಂಟೆಗೆ ಯಾರೂ ಬಂದಿಲ್ಲ.

ಇದಕ್ಕೆ ಮಯೋಎಲೆಕ್ಟ್ರಿಕ್ ಕೈ ಅಂತಾರೆ. ಮುಷ್ಟಿ ಹಿಡಿಯಬೇಕು ಅಂದುಕೊಂಡರೆ ಮೋಟುಗೈಯಲ್ಲಿ ಉಳಿದಿರುವ ಸ್ನಾಯು ಬಿಗಿಯುತ್ತೆ. ಆಗ ಹುಟ್ಟುವ ಮಿಲಿವೋಲ್ಟ್ ಲೆಕ್ಕದ ವಿದ್ಯುತ್ತನ್ನು ಸಾಕೆಟ್ (ಮೋಟುಗೈ ತೂರಿಸುವ ಗಟ್ಟಿ ಕವಚ) ಒಳಗಿನ ಎಲೆಕ್ಟ್ರೋಡ್ ಅನ್ನೋ ಪುಟ್ಟ ಲೋಹದ ಬಿಲ್ಲೆ ಚರ್ಮದ ಮೇಲಿಂದಲೇ ಹಿಡಿಯುತ್ತೆ. ನನ್ನದರಲ್ಲಿ ಇರೋದು ಎರಡೇ: ಒಳಮಗ್ಗುಲ ಸ್ನಾಯು ಬಿಗಿದರೆ ಬೆರಳು ಮುಚ್ಚುತ್ತೆ, ಹೊರಮಗ್ಗುಲದು ಬಿಗಿದರೆ ಬಿಚ್ಚುತ್ತೆ. ಇಲ್ಲದ ಕೈಯನ್ನು ಮುಚ್ಚೋದು ನನಗೆ ಕಷ್ಟವಾಗಲಿಲ್ಲ, ರಾತ್ರಿಯೆಲ್ಲ ಆ ಬೆರಳು ನೋಯುತ್ತಲೇ ಇದ್ದವು. ಕಷ್ಟವಾದದ್ದು ಬಿಚ್ಚೋದು. ಮುಟ್ಟಿದ್ದು ಗೊತ್ತಾಗದ ಕಾರಣ ಕಣ್ಣಲ್ಲೇ ನೋಡಿ ಹಿಡಿಯಬೇಕು. ಟೀ ಅಂಗಡಿಯ ಪೇಪರ್ ಲೋಟ ಎಷ್ಟು ಹಿಸುಕಿದ್ದೇನೋ ಲೆಕ್ಕವಿಲ್ಲ. ಬೇಸಿಗೆಯಲ್ಲಿ ಬೆವರಿಗೆ ಸಾಕೆಟ್ ಜಾರಿತೋ, ಕೈ ತನ್ನಿಷ್ಟಕ್ಕೆ ತಾನು ಬಿಚ್ಚಿಕೊಳ್ಳುತ್ತೆ. ಇದನ್ನು ಯಾವ ವಿಡಿಯೊದಲ್ಲೂ ತೋರಿಸಲ್ಲ.

ತಲೆಯೊಳಗಿನ ಚಿಪ್ ಇರುವುದು ಕತ್ತಿನ ಕೆಳಗೆ ಸ್ವಾಧೀನವೇ ಇಲ್ಲದಂಥವರಿಗೆ. ಅವರ ಮೆದುಳಿನ ಅಪ್ಪಣೆ ಸ್ನಾಯುವಿನವರೆಗೆ ಬರೋದೇ ಇಲ್ಲ, ಹಾಗಾಗಿ ಹುಟ್ಟಿದ ಕಡೆಯೇ ಹಿಡಿಯಬೇಕು. ಅಮೆರಿಕದ ಬ್ರೈನ್‌ಗೇಟ್ ತಂಡ ಸುಮಾರು 4 ಮಿಲಿಮೀಟರ್ ಅಗಲದ, 96 ಎಲೆಕ್ಟ್ರೋಡ್‌ಗಳ ಸೆನ್ಸರನ್ನು ಮೆದುಳಿನಲ್ಲಿ ಕೂರಿಸಿತ್ತು. ಪಾರ್ಶ್ವವಾಯು ಹೊಡೆದು ಹದಿನೈದು ವರ್ಷ ಕಳೆದಿದ್ದ ಕ್ಯಾಥಿ ಹಚಿನ್ಸನ್ ಅದರಿಂದ ರೋಬಾಟ್ ಕೈ ಆಡಿಸಿ ತಾವೇ ಕಾಫಿ ಕುಡಿದರು. ವರದಿ ಬಂದದ್ದು 2012ರಲ್ಲಿ. ಕುಡಿದ ಮೇಲಿನ ಅವರ ನಗುವನ್ನು ವಿಡಿಯೊದಲ್ಲಿ ನೋಡಿ ನಾನೂ ಅತ್ತಿದ್ದೇನೆ. ಆದರೆ ಅದು ಪ್ರಯೋಗ, ತಲೆಯಿಂದ ಹೊರಟ ಕೇಬಲ್ ಕಂಪ್ಯೂಟರಿಗೆ ಸಿಕ್ಕಿಸಿತ್ತು. 2024ರಲ್ಲಿ ನ್ಯೂರಾಲಿಂಕ್ ಅನ್ನೋ ಅಮೆರಿಕದ ಕಂಪನಿಯ ಚಿಪ್ ಹಾಕಿಸಿಕೊಂಡ ಮೊದಲನೆಯವರು ಆಡಿಸಿದ್ದೂ ಪರದೆ ಮೇಲಿನ ಕರ್ಸರನ್ನೇ.

ನಿಮ್ಮ ತಮ್ಮನಿಗೆ ಇವತ್ತಿಂದಲೇ ಮೋಟುಗೈ ಸ್ನಾಯು ಬಿಗಿ ಮಾಡಿ ಸಡಿಲ ಬಿಡೋ ಅಭ್ಯಾಸ ಶುರು ಮಾಡಿಸಿ, ಫಿಸಿಯೋ ಹತ್ತಿರ ಕೇಳಿಕೊಂಡು. ದುಡ್ಡು ಕಟ್ಟುವ ಮುಂಚೆ ಎಲೆಕ್ಟ್ರೋಡ್ ಇಟ್ಟು ಸಿಗ್ನಲ್ ತೋರಿಸಿ ಅನ್ನಿ. ಸ್ನಾಯು ಬಿಗಿದಾಗ ಪರದೆ ಮೇಲೆ ಗೆರೆ ಏಳೋದನ್ನು ಅವನೇ ಕಣ್ಣಾರೆ ನೋಡಲಿ. ಊತ ಪೂರ್ತಿ ಇಳಿಯೋವರೆಗೆ ಸಾಕೆಟ್‌ಗೆ ಅಳತೆ ಮಾತ್ರ ಕೊಡಬೇಡಿ. ನಾನು ಆತುರಪಟ್ಟು ಕೊಟ್ಟೆ, ಎರಡೇ ತಿಂಗಳಿಗೆ ಸಾಕೆಟ್ ಲೊಡಲೊಡ ಅಂದು ಇನ್ನೊಂದು ಮಾಡಿಸಬೇಕಾಯಿತು.