ಉಗಿ ಇಂಜಿನ್ ಫೋಟೋ ಬೇಕಾ? ಆಗಸ್ಟ್ ಬಿಡಿ, ಡಿಸೆಂಬರಿಗೆ ಹೋಗಿ

ಲೀಡ್ಸ್‌ನಲ್ಲಿ ಓದುತ್ತಿದ್ದೀರಿ. ಆಗಸ್ಟ್ ರಜೆಯಲ್ಲಿ, ಒಳ್ಳೇ ಬಿಸಿಲಿರುವ ದಿನ ನೋಡಿಕೊಂಡು ಉತ್ಸಾಹಿಗಳು ಇವತ್ತಿಗೂ ಉಗಿ ಗಾಡಿ ಓಡಿಸುವ ಕೀತ್ಲಿಗೆ ಹೋಗಿ ಇಂಜಿನ್ ಫೋಟೋ ತೆಗೆಯಬೇಕು, 1968ರ ಹಳೇ ಫೋಟೋಗಳ ಹಾಗೇ ಬರಬೇಕು, ಅದಕ್ಕೆ ಯಾವ ಲೆನ್ಸ್ ಕೊಳ್ಳಲಿ ಅಂತ ಕೇಳಿದ್ದೀರಿ. ಲೆನ್ಸ್ ವಿಷಯ ಆಮೇಲೆ. ಮೊದಲು ಆ ಬಿಸಿಲಿನ ಆಸೆ ಬಿಡಿ.

1968ರಲ್ಲಿ ನಾನು ಆ ಕಡೆಯೇ ಇದ್ದೆ. ಲ್ಯಾಂಕಾಶೈರಿನ ಬೋಲ್ಟನ್‌ನಲ್ಲಿ ಜವಳಿ ಓದುತ್ತಿದ್ದೆ. ಅಪ್ಪ ಅರಸೀಕೆರೆಯಲ್ಲಿ ಮೀಟರ್‌ಗೇಜ್ ಗಾಡಿಯ ಡ್ರೈವರ್. ಬರೆದ ಕಾಗದದಲ್ಲೆಲ್ಲ ಅಲ್ಲಿನ ಇಂಜಿನ್ ಹೇಗಿವೆ, ಎಷ್ಟು ಬೋಗಿ ಎಳೆಯುತ್ತವೆ ಅಂತ ಕೇಳುತ್ತಿದ್ದರು. ಅವರಿಗೆ ಬಣ್ಣದ ಸ್ಲೈಡಿನಲ್ಲೇ ತೋರಿಸಬೇಕು ಅಂತ ನನ್ನ ಆಸೆ.

ಬ್ರಿಟನ್ನಿನಲ್ಲಿ ಆಗ ಉಗಿಯ ಕಾಲ ಮುಗಿಯುತ್ತಾ ಬಂದಿತ್ತು. ಡೀಸೆಲ್ಲು, ಕರೆಂಟಿನ ಕಡೆ ಹೋಗುವ ಯೋಜನೆ 1955ರದ್ದು. ಬ್ರಿಟಿಷ್ ರೈಲ್ವೆಗೆ ಕಟ್ಟಿದ ಕೊನೆಯ ಉಗಿ ಇಂಜಿನ್ 'ಈವ್ನಿಂಗ್ ಸ್ಟಾರ್' 1960ರಲ್ಲಿ ಸ್ವಿಂಡನ್‌ನಿಂದ ಹೊರಬಂತು, ಐದೇ ವರ್ಷಕ್ಕೆ ಅದನ್ನೂ ಕೆಲಸದಿಂದ ತೆಗೆದರು. 1967ರ ಜುಲೈನಲ್ಲಿ ಲಂಡನ್ನಿನ ವಾಟರ್‌ಲೂ ಕಡೆ ಉಗಿ ಗಾಡಿಗಳ ಓಡಾಟ ನಿಂತಿತು, ಆ ವರ್ಷದ ಕೊನೆಗೆ ಉತ್ತರದ ಶ್ಯಾಪ್ ಎಂಬ ಕಡಿದಾದ ಏರಿನಲ್ಲೂ ನಿಂತಿತು. ಉಳಿದದ್ದು ಬಹುಪಾಲು ನಮ್ಮ ಲ್ಯಾಂಕಾಶೈರ್ ಸುತ್ತಮುತ್ತ. ಅಂದರೆ ದೇಶದ ಮೂಲೆ ಮೂಲೆಯಿಂದ ಹುಡುಗರು ಕ್ಯಾಮೆರಾ ಹಿಡಿದು ಬರುತ್ತಿದ್ದ ಜಾಗದಲ್ಲೇ ನಾನು ವಾಸವಾಗಿದ್ದೆ. ಬೋಲ್ಟನ್ನಿನ ಇಂಜಿನ್ ಶೆಡ್‌ನಲ್ಲಿ ಬ್ಲ್ಯಾಕ್ ಫೈವ್, 8ಎಫ್ ಅನ್ನುವ ಜಾತಿಯ ಉಗಿ ಇಂಜಿನ್‌ಗಳು ಸಾಲಾಗಿ ನಿಂತಿರುತ್ತಿದ್ದವು. ಟಾಡ್‌ಮರ್ಡನ್ ಹತ್ತಿರ ಕಾಪಿ ಪಿಟ್ ಏರಿದೆ, 65 ಅಡಿಗೆ ಒಂದು ಅಡಿ ಏರುತ್ತದೆ. ಅಲ್ಲಿ ಕಲ್ಲಿದ್ದಲು ಗಾಡಿಗೆ ಮುಂದೊಂದು 8ಎಫ್, ಹಿಂದಿನಿಂದ ತಳ್ಳಲು ಇನ್ನೊಂದು. ಕಣಿವೆ ಪೂರ್ತಿ ಬಿಳಿ ಉಗಿ ತುಂಬಿ, ಗಾಡಿ ಹೋದ ಮೇಲೂ ಎಷ್ಟೋ ಹೊತ್ತು ಕರಗುತ್ತಿರಲಿಲ್ಲ.

1967ರ ಚಳಿಗಾಲದಲ್ಲಿ ಇದನ್ನೆಲ್ಲ ಕಣ್ಣಾರೆ ನೋಡಿದೆ. ಕ್ಯಾಮೆರಾ ಕೊರಳಲ್ಲೇ ಇತ್ತು. ಒಂದೂ ಫೋಟೋ ತೆಗೆಯಲಿಲ್ಲ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವು ಮಾಡಹೊರಟಿರುವುದೂ ಅದನ್ನೇ. ನನ್ನ ಹತ್ತಿರ ಇದ್ದದ್ದು ಕೊಡಾಕ್ರೋಮ್ 2 ಅನ್ನುವ ಬಣ್ಣದ ರೀಲು, ಬರೀ 25 ಎಎಸ್‌ಎ. ಈ ಅಂಕಿ ಕಡಿಮೆ ಇದ್ದಷ್ಟೂ ರೀಲಿಗೆ ಬೆಳಕು ಜಾಸ್ತಿ ಬೇಕು. ಓಡುವ ಇಂಜಿನ್ ಅಲುಗದೆ ಬರಬೇಕಾದರೆ ಶಟರ್ ಸೆಕೆಂಡಿನ 500ರಲ್ಲಿ ಒಂದು ಭಾಗ ಇರಬೇಕು ಅಂತ ಎಲ್ಲರೂ ಹೇಳುತ್ತಿದ್ದರು. ಆ ರೀಲಿನಲ್ಲಿ ಅದು ಸಾಧ್ಯ ಆಗಬೇಕಾದರೆ ಸುಡು ಬಿಸಿಲು ಬೇಕು, ಲೆನ್ಸ್ ಎಫ್ 4ರ ತನಕ ತೆರೆಯಬೇಕು. ಮೋಡ ಕವಿದರೆ ಶಟರ್ 60ಕ್ಕೆ ಇಳಿಯುತ್ತದೆ. ಸೂರ್ಯ ಬೆನ್ನ ಹಿಂದೆ ಇರಬೇಕು ಅನ್ನುವುದು ಇನ್ನೊಂದು ಕಟ್ಟಳೆ. ರೀಲು ದುಬಾರಿ, ಮೋಡದಲ್ಲಿ ಸುಮ್ನೆ ಹಾಳು ಮಾಡುವುದು ಬೇಡ, ಬೇಸಿಗೆ ಬರಲಿ ಅಂತ ಕಾದೆ. 400 ಎಎಸ್‌ಎ ಕಪ್ಪು-ಬಿಳುಪು ರೀಲು ಅಂಗಡಿಯಲ್ಲಿ ಸಿಗುತ್ತಿತ್ತು. ಬಣ್ಣವೇ ಬೇಕು ಅಂತ ಅದನ್ನು ಮುಟ್ಟಲೂ ಇಲ್ಲ.

ಬೇಸಿಗೆ ಬಂತು, ಬಿಸಿಲೂ ಬಂತು. ಉಗಿ ಮಾತ್ರ ಕಾಣಿಸಲಿಲ್ಲ! ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಹೊರಗಿನ ಗಾಳಿ ತಣ್ಣಗಿದ್ದು ತೇವ ಇದ್ದರೆ ಅದು ಸಣ್ಣ ಹನಿಗಳಾಗಿ ಬೆಳ್ಳಗೆ ಮೋಡದಂತೆ ನಿಲ್ಲುತ್ತದೆ. ಮಡಿಕೇರಿಯ ಡಿಸೆಂಬರ್ ಬೆಳಗ್ಗೆ ನಮ್ಮ ಉಸಿರು ಕಾಣುತ್ತದಲ್ಲ, ಹಾಗೆ. ಗಾಳಿ ಬೆಚ್ಚಗೆ, ಒಣಗಿದ್ದರೆ ಚಿಮಣಿಯಿಂದ ಒಂದೆರಡು ಅಡಿ ದಾಟುವಷ್ಟರಲ್ಲಿ ಮಾಯ. ಯಾವ ಬಿಸಿಲಿಗೆ ನಾನು ಆರು ತಿಂಗಳು ಕಾದೆನೋ ಆ ಬಿಸಿಲೇ ಉಗಿಯನ್ನು ನುಂಗಿಹಾಕಿತು.

ಅಷ್ಟರಲ್ಲಿ ಜೂನ್ ಕೊನೆಗೆ ಬೋಲ್ಟನ್ ಶೆಡ್ ಉಗಿಗೆ ಬಾಗಿಲು ಹಾಕಿತು. ಕೊನೆಗೆ ಉಳಿದದ್ದು ಕಾರ್ನ್‌ಫೋರ್ತ್, ಲಾಸ್ಟಕ್ ಹಾಲ್, ರೋಸ್ ಗ್ರೋವ್, ಈ ಮೂರೇ ಶೆಡ್. ಆಗಸ್ಟ್ ಮೊದಲ ವಾರಕ್ಕೆ ಅವೂ ಮುಗಿದವು. ಆಗಸ್ಟ್ 11ರ ವಿದಾಯದ ಗಾಡಿಗೆ ಟಿಕೆಟ್ 15 ಗಿನಿ, ಅಂದರೆ ಹದಿನೈದೂ ಮುಕ್ಕಾಲು ಪೌಂಡು, ನನ್ನ ಕೈಗೆ ಎಟುಕುವ ಮಾತಲ್ಲ. ಗಾಡಿ ಹಾದುಹೋಗುವ ಏಸ್ ಗಿಲ್ ಏರಿಗೆ ಗೆಳೆಯನ ಕಾರಿನಲ್ಲಿ ಹೋದೆ. ಗಾಡಿ ಎಳೆಯುತ್ತಾ 'ಆಲಿವರ್ ಕ್ರಾಮ್‌ವೆಲ್' ಇಂಜಿನ್ ಬಂತು. ಬೇಲಿ ಉದ್ದಕ್ಕೂ ಜನ, ರಸ್ತೆ ತುಂಬ ಕಾರು. ಕೂಡಿಟ್ಟ ರೀಲನ್ನೆಲ್ಲ ಅಲ್ಲಿ ಖಾಲಿ ಮಾಡಿದೆ.

1970ರಲ್ಲಿ ಊರಿಗೆ ಬಂದು ಅಪ್ಪನಿಗೆ ಸ್ಲೈಡ್ ತೋರಿಸಿದೆ. ಚಿತ್ರ ಒಂದೊಂದೂ ಚೂಪಾಗಿತ್ತು, ಬಣ್ಣ ಚೆನ್ನಾಗಿತ್ತು. ಅಪ್ಪ ಬಹಳ ಹೊತ್ತು ನೋಡಿ, "ಡ್ರೈವರು ರೆಗ್ಯುಲೇಟರ್ ಮುಚ್ಚಿದ್ದಾನೇನೋ? ಗಾಡಿ ನಿಂತಿದೆಯಾ?" ಅಂದರು. ಸಿಲಿಂಡರಿಗೆ ಉಗಿ ಬಿಡುವ ಹಿಡಿ ಅದು. ಚಿತ್ರದಲ್ಲಿದ್ದದ್ದು ಏರು ಹತ್ತುತ್ತಿದ್ದ ಇಂಜಿನ್. ಚಕ್ರ ಗಟ್ಟಿಯಾಗಿ ನಿಂತಂತೆ ಬಂದಿತ್ತು, ಚಿಮಣಿ ಮೇಲೆ ಏನೂ ಇಲ್ಲ. ಜೀವಮಾನ ಪೂರ್ತಿ ಇಂಜಿನ್ ಓಡಿಸಿದ ಮನುಷ್ಯನಿಗೆ ಅದರಲ್ಲಿ ಕೆಲಸ ಕಾಣಲಿಲ್ಲ. ಅವರು ಹೇಳಿದ್ದು ಸರಿ. ಆ ಕಾಪಿ ಪಿಟ್ ಗಾಡಿಯನ್ನು ಅವರಿಗೆ ತೋರಿಸಲಿಲ್ಲವಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನೀವು ಮೆಚ್ಚಿರುವ ಹಳೇ ಫೋಟೋಗಳನ್ನು ಇನ್ನೊಮ್ಮೆ ನೋಡಿ. ಕಾಲಿನ್ ಗಿಫರ್ಡ್ ಅಂಥ ರೈಲು ಫೋಟೋಗ್ರಾಫರುಗಳು ಮಂಜು, ಮಸಿ, ಅರೆಬೆಳಕು ಯಾವುದನ್ನೂ ಬಿಡಲಿಲ್ಲ, ಎಷ್ಟೋ ಫೋಟೋದಲ್ಲಿ ಇಂಜಿನ್ ಒಂದು ಮೂಲೆಯಲ್ಲಿರುತ್ತದೆ, ಉಳಿದದ್ದೆಲ್ಲ ಊರು ಮತ್ತು ಜನ. ಅದು ಲೆನ್ಸಿನಿಂದ ಬಂದದ್ದಲ್ಲ. ಈಗ ನಿಮ್ಮ ಹತ್ತಿರ ಇರುವ ಲೆನ್ಸ್ ಸಾಕು. ಆ ದುಡ್ಡಿನಲ್ಲಿ ಒಳ್ಳೇ ಬೂಟು, ಕೈಗವಸು ಕೊಳ್ಳಿ. ಕೀತ್ಲಿ ಮಾರ್ಗವನ್ನು ಉತ್ಸಾಹಿಗಳು ಮತ್ತೆ ತೆರೆದದ್ದು 1968ರ ಜೂನ್ 29ರಂದು, ನಮ್ಮ ಕಡೆ ಶೆಡ್‌ಗಳು ಮುಚ್ಚುತ್ತಿದ್ದ ದಿನಗಳಲ್ಲೇ. ಡಿಸೆಂಬರಿನಲ್ಲೂ ಗಾಡಿ ಓಡುತ್ತವೆ, ಟೈಮ್‌ಟೇಬಲ್ ನೋಡಿಕೊಳ್ಳಿ. ಕೀತ್ಲಿಯಿಂದ ಮಾರ್ಗದ ಇನ್ನೊಂದು ತುದಿಯಾದ ಆಕ್ಸನ್‌ಹೋಪ್ ಕಡೆಗೆ ಏರು. ಆ ದಿಕ್ಕಿನಲ್ಲಿ ಹೋಗುವಾಗಲೇ ತೆಗೆಯಿರಿ. ಇಳಿಯುವಾಗ ಇಂಜಿನ್ ಸುಮ್ಮನೆ ಉರುಳಿಕೊಂಡು ಬರುತ್ತದೆ, ಉಗಿ ಇರಲ್ಲ. ಶಟರ್ 100ರ ಆಸುಪಾಸಿಗೆ ಇಳಿಸಿ, ಇಂಜಿನ್ ಜೊತೆ ಕ್ಯಾಮೆರಾ ತಿರುಗಿಸಿ, ಚಕ್ರ ಸ್ವಲ್ಪ ಅಲುಗಾಡಲಿ. ಬೆಳಕಿನ ಲೆಕ್ಕ ಬಿಳಿ ಉಗಿಗೆ ಹಾಕಿ, ಕಪ್ಪು ಇಂಜಿನ್ನಿಗೆ ಬೇಡ. ಸೂರ್ಯ ಎದುರಿಗಿದ್ದರೆ ಇನ್ನೂ ಒಳ್ಳೆಯದು, ಉಗಿ ಬೆಳಗುತ್ತದೆ.

ಹೊರಡುವ ಗಾಡಿಗೆ ಕೀತ್ಲಿ ಪ್ಲಾಟ್‌ಫಾರ್ಮಿನಲ್ಲೇ ನಿಲ್ಲಿ, ಹಳಿ ಹತ್ತಿರ ಇಳಿಯಬೇಡಿ. ಸ್ಟೇಷನ್ ಬಿಟ್ಟ ಕೂಡಲೇ ಏರು ಶುರು, ಹಳಿ ಒದ್ದೆಯಾಗಿದ್ದರೆ ಚಕ್ರ ಜಾರಿ ಇಂಜಿನ್ ಒಮ್ಮೆಲೇ ಅಬ್ಬರಿಸುವುದೂ ಉಂಟು. ಮಳೆ ಅಂತ ರೂಮಿನಲ್ಲಿ ಕೂರಬೇಡಿ, ಕ್ಯಾಮೆರಾಕ್ಕೊಂದು ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಹೊರಡಿ.