ಖಿನ್ನತೆಯ ಮಾತ್ರೆ ಶುರುಮಾಡಿದ ಮೊದಲ ಎರಡು ವಾರ: ನಿಲ್ಲಿಸುವ ಮುನ್ನ

ಎಸ್ಸಿಟಾಲೊಪ್ರಾಂ ಮಾತ್ರೆ ಶುರುಮಾಡಿ ನಾಲ್ಕು ದಿನಗಳಾಗಿವೆ, ಹೊಟ್ಟೆ ತೊಳಸುತ್ತಿದೆ, ನಿದ್ದೆ ಬರುತ್ತಿಲ್ಲ, ತಳಮಳ ಮೊದಲಿಗಿಂತ ಹೆಚ್ಚಾಗಿದೆ, ನಿಲ್ಲಿಸಿಬಿಡಲೇ ಎಂದು ಕೇಳಿದ್ದೀರಿ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಆದರೆ ಮುಂದಿನ ಭೇಟಿಯವರೆಗೆ ಕಾಯದೆ ಇವತ್ತೇ ಅವರಿಗೆ ಫೋನ್ ಮಾಡಿ. ನಾನು ವೈದ್ಯಳಲ್ಲ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಮೂರು ವರ್ಷಗಳ ಹಿಂದೆ ಇದೇ ಮಾತ್ರೆಯನ್ನು ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10 ಮಿಲಿಗ್ರಾಂನಂತೆ ತೆಗೆದುಕೊಂಡವಳಾದ್ದರಿಂದ ನಿಮ್ಮ ನಾಲ್ಕನೆಯ ದಿನ ಹೇಗಿರುತ್ತದೆಂದು ಬಲ್ಲೆ.

ಈ ಔಷಧದ ಕಷ್ಟವೆಂದರೆ ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ ಕಾಣುತ್ತದೆ. ವಾಕರಿಕೆ, ತಲೆನೋವು, ಬೆವರು, ಪದೇಪದೇ ಆಕಳಿಕೆ, ಸಡಿಲವಾದ ಭೇದಿ ಇವೆಲ್ಲ ಮೊದಲ ದಿನಗಳಲ್ಲೇ ಕಾಣಿಸಿಕೊಂಡು ಬಹುತೇಕರಲ್ಲಿ ಒಂದೆರಡು ವಾರಗಳಲ್ಲಿ ತಗ್ಗುತ್ತವೆ. ಮನಸ್ಸು ಹಗುರಾಗುವುದಕ್ಕೆ ಮಾತ್ರ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಪೂರ್ಣ ಪರಿಣಾಮಕ್ಕೆ ಆರರಿಂದ ಎಂಟು ವಾರ ಬೇಕಾಗಬಹುದು. ಈ ಅಂತರದಲ್ಲೇ ಅನೇಕರು ‘ಇದು ನನಗೆ ಒಗ್ಗುವುದಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ನನ್ನ ವೈದ್ಯರು ಶುರುವಿನಲ್ಲೇ ಇದನ್ನು ಹೇಳಿರಲಿಲ್ಲ. ಐದನೆಯ ದಿನ ನಾನು ತರಗತಿಯಿಂದ ಅರ್ಧಕ್ಕೆ ಎದ್ದು ಬಂದೆ, ಮನೆಯಲ್ಲಿ ಅಮ್ಮ ‘ಆ ಮಾತ್ರೆ ಬೇಡ ಕಣಮ್ಮ, ಅದೇ ನಿನ್ನನ್ನು ಹೀಗೆ ಮಾಡ್ತಿದೆ’ ಎಂದು ಅತ್ತರು. ಅವರ ಭಯ ಸುಳ್ಳಾಗಿರಲಿಲ್ಲ, ಆ ಹೊಟ್ಟೆತೊಳಸು ಮಾತ್ರೆಯಿಂದಲೇ ಬಂದದ್ದು. ಆದರೆ ಅದು ಉಳಿಯುವಂಥದ್ದಲ್ಲವೆಂದು ನಮ್ಮಿಬ್ಬರಿಗೂ ಯಾರಾದರೂ ಮೊದಲೇ ಹೇಳಿದ್ದರೆ ಆ ರಾತ್ರಿ ಅಷ್ಟು ಭಾರವಾಗುತ್ತಿರಲಿಲ್ಲ.

ಹೊಟ್ಟೆಗೆ ಏಕೆ ತಟ್ಟುತ್ತದೆಂಬುದಕ್ಕೆ ಕಾರಣವಿದೆ. ಈ ಗುಂಪಿನ ಔಷಧಗಳು ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ, ನಮ್ಮ ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ಇರುವುದು ಮಿದುಳಿನಲ್ಲಲ್ಲ, ಜೀರ್ಣಾಂಗಗಳಲ್ಲಿ. ನಾನು ಬೆಳಗ್ಗೆ ಎದ್ದ ಕೂಡಲೇ ಬರಿ ಹೊಟ್ಟೆಯಲ್ಲಿ ಕಾಫಿಯ ಜೊತೆ ಮಾತ್ರೆ ನುಂಗುತ್ತಿದ್ದೆ. ಫೋನಿನಲ್ಲಿ ವೈದ್ಯರು ಹೇಳಿದ ಮೇಲೆ ಎರಡು ಇಡ್ಲಿ ತಿಂದು ನುಂಗಲಾರಂಭಿಸಿದೆ, ಹದಿನೈದು ದಿನ ಎಣ್ಣೆ-ಖಾರ ಕಡಿಮೆ ಮಾಡಿ ಗಂಜಿ, ಮೊಸರನ್ನ, ಮಜ್ಜಿಗೆಯಲ್ಲಿ ಕಳೆದೆ. ಕಾಫಿಯನ್ನು ಬೆಳಗಿನ ಒಂದು ಲೋಟಕ್ಕೆ ಇಳಿಸಿದ್ದರಿಂದ ಕೈನಡುಕವೂ ತಳಮಳವೂ ತಗ್ಗಿದವು. ನಿದ್ದೆ ಕೆಡುವವರಿಗೆ ಬೆಳಗ್ಗೆ, ತೂಕಡಿಕೆ ಬರುವವರಿಗೆ ರಾತ್ರಿ ಮಾತ್ರೆ ಹೊಂದುತ್ತದೆ. ನೀವು ರಾತ್ರಿ ತೆಗೆದುಕೊಳ್ಳುತ್ತಿದ್ದರೆ ಹೊತ್ತು ಬದಲಿಸಬಹುದೇ ಎಂದು ಕೇಳಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು.

ತಳಮಳವೇ ಹೆಚ್ಚಾದದ್ದು ನನಗೂ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿತ್ತು. ಇದು ಈ ಔಷಧಗಳ ಗೊತ್ತಿರುವ ಪರಿಣಾಮ. ವೈದ್ಯರು ಪ್ರಮಾಣ ಇಳಿಸಿ ನಿಧಾನವಾಗಿ ಏರಿಸುತ್ತಾರೆ, ಅಥವಾ ಕೆಲವು ದಿನಗಳ ಮಟ್ಟಿಗೆ ತಳಮಳ ತಗ್ಗಿಸುವ ಕ್ಲೊನಾಜೆಪಾಂನಂಥ ಮಾತ್ರೆಯನ್ನು ಸೇರಿಸುತ್ತಾರೆ. ಈ ಎರಡನೆಯದು ರೂಢಿಯಾಗಬಲ್ಲ ಔಷಧ, ಹೇಳಿದ ದಿನಗಳಿಗಿಂತ ಹೆಚ್ಚು ಮುಂದುವರಿಸಬೇಡಿ. ಎಸ್ಸಿಟಾಲೊಪ್ರಾಂ ಹಾಗೆ ಚಟ ಹಿಡಿಸುವುದಿಲ್ಲವಾದರೂ ವಾರಗಟ್ಟಲೆ ತೆಗೆದುಕೊಂಡ ಮೇಲೆ ಥಟ್ಟನೆ ಬಿಟ್ಟರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ ಬರಬಹುದು. ಆದ್ದರಿಂದ ಬಿಡುವುದೂ ವೈದ್ಯರ ಲೆಕ್ಕದಲ್ಲೇ ಆಗಬೇಕು.

ಆದರೆ ಎಲ್ಲವನ್ನೂ ಸಹಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಸಾಯುವ ಯೋಚನೆಗಳು ಹೊಸದಾಗಿ ಬಂದರೆ ಅಥವಾ ಹೆಚ್ಚಾದರೆ, ಕೂತಲ್ಲಿ ಕೂರಲಾಗದಷ್ಟು ಚಡಪಡಿಕೆ ಹಿಡಿದರೆ, ನಿದ್ದೆಯೇ ಬೇಡವೆನ್ನುವಂಥ ವಿಪರೀತ ಹುಮ್ಮಸ್ಸು ಏರಿದರೆ, ಮೈಮೇಲೆ ದದ್ದು ಎದ್ದರೆ ಆ ದಿನವೇ ವೈದ್ಯರಿಗೆ ತಿಳಿಸಿ. ಜ್ವರದ ಜೊತೆ ನಡುಕ, ಸ್ನಾಯುಗಳ ಬಿಗಿತ, ಗೊಂದಲ ಕಂಡರೆ, ಅಥವಾ ಮುಖ ಊದಿ ಉಸಿರಾಟ ಕಷ್ಟವಾದರೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ. ನಿಮ್ಮ ವಯಸ್ಸು ಬರೆದಿಲ್ಲ; ಕಿರಿಯರಾಗಿದ್ದರೆ ಮನೆಯಲ್ಲಿ ಒಬ್ಬರಾದರೂ ಇದನ್ನು ತಿಳಿದಿರಲಿ, ಏಕೆಂದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಖಿನ್ನತೆಯ ಔಷಧ ತೆಗೆದುಕೊಳ್ಳುವ ಮಕ್ಕಳು ಮತ್ತು ಹದಿಹರೆಯದವರ ಆತ್ಮಹತ್ಯೆಯ ಯೋಚನೆಗಳ ಬಗ್ಗೆ 2004ರಲ್ಲಿ ಕೊಟ್ಟ ಎಚ್ಚರಿಕೆಯನ್ನು 2007ರಲ್ಲಿ 24 ವರ್ಷದವರೆಗಿನವರಿಗೂ ವಿಸ್ತರಿಸಿತು. ವೈದ್ಯರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತನಾಡುತ್ತಾರೆ.

ಬೇರೆ ಔಷಧಗಳನ್ನೂ ವೈದ್ಯರಿಗೆ ತಿಳಿಸಿ. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಇದರ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ, ಟ್ರಮಡಾಲ್ ಎಂಬ ನೋವಿನ ಔಷಧ ಕೂಡ ಇದರೊಂದಿಗೆ ಹೊಂದುವುದಿಲ್ಲ. ಮದ್ಯ ಬೇಡ. ಲೈಂಗಿಕ ಆಸಕ್ತಿ ತಗ್ಗುವುದೂ ಸಾಮಾನ್ಯವಾದ ಪರಿಣಾಮ, ಹೊಟ್ಟೆತೊಳಸಿನಂತೆ ಅದು ತಾನಾಗಿ ಹೋಗದಿರಬಹುದು. ನಾಚಿಕೆಯಿಂದ ನಾನು ಅದನ್ನು ನಾಲ್ಕು ತಿಂಗಳು ಹೇಳಲಿಲ್ಲ. ಹೇಳಿದ ಮೇಲೆ ವೈದ್ಯರು ಯಾವ ಮುಜುಗರವೂ ಇಲ್ಲದೆ ಔಷಧ ಬದಲಿಸಿದರು.

ಫೋನ್ ಮಾಡುವ ಮೊದಲು ಒಂದು ಹಾಳೆಯಲ್ಲಿ ಮಾತ್ರೆ ನುಂಗಿದ ಹೊತ್ತು, ತಿಂದದ್ದು, ನಿದ್ದೆಯ ಗಂಟೆಗಳು, ವಾಕರಿಕೆ ಮತ್ತು ತಳಮಳಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಈ ನಾಲ್ಕು ದಿನಗಳದ್ದನ್ನು ಬರೆದುಕೊಳ್ಳಿ. ನನ್ನ ಹಾಳೆಯಲ್ಲಿ ವಾಕರಿಕೆ ಐದನೆಯ ದಿನ 8 ಇದ್ದದ್ದು ಹನ್ನೆರಡನೆಯ ದಿನ 2ಕ್ಕೆ ಇಳಿದಿತ್ತು. ಬರೆದಿಡದಿದ್ದರೆ ಆ ಇಳಿತ ನನಗೆ ಕಾಣುತ್ತಲೇ ಇರಲಿಲ್ಲ.